ಬುಡಮೇಲು ಬಾಗಿಲು

“ಏನು ಬೇಕಾದ್ರೂ ಮಾಡ್ಕೊ. ಬಣ್ಣ ಹೊಡಿ, ತಗಡು ಕೊಯ್ಯಿ, ಕಿಟಕಿ ಇಡು. ಆ ಎರಡು ಕಂಬ ಮಾತ್ರ ಮುಟ್ಟಬೇಡ,” ಎಂದ ಡ್ರೈವರ್.

ಬಡಗಿಗೆ ನಗು ಬಂತು. ನಗುವಂಥದ್ದೇ ಅಲ್ಲಿತ್ತು. ಸಾಮಾನು ಸಾಗಿಸುವ ಆ ಹಳೆಯ ವ್ಯಾನಿನ ಹಿಂಬದಿಯಲ್ಲಿ ಕಬ್ಬಿಣದ ಬಾಗಿಲುಗಳೇ ಇರಲಿಲ್ಲ. ಅವುಗಳ ಜಾಗದಲ್ಲಿ ಯಾವುದೋ ಮನೆಯಿಂದ ಕಿತ್ತ ಮರದ ಬಾಗಿಲುವಾಡವನ್ನು ತಂದು ಕೂರಿಸಿದ್ದರು. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ. ಅಸಲಿ ತೇಗ, ವರ್ಷಗಟ್ಟಲೆ ಹೊಗೆ ಕುಡಿದು ಕಪ್ಪಾಗಿತ್ತು. ಆದರೆ ಕಂಬಗಳು ತಲೆಕೆಳಗಾಗಿ ನಿಂತಿದ್ದವು. ಮರದ ಬುಡದ ಕಡೆ ಮೇಲೆ, ತುದಿಯ ಕಡೆ ಕೆಳಗೆ. ಬೇರೆಯವರ ಕಣ್ಣಿಗೆ ಅದು ಬೀಳುವಂಥದ್ದಲ್ಲ. ಇಪ್ಪತ್ತಾರು ವರ್ಷ ಉಳಿ ಹಿಡಿದವನಿಗೆ ಗಂಟುಗಳ ಓರೆ ನೋಡಿದರೆ ಸಾಕು, ಕೊಂಬೆ ಯಾವ ಕಡೆ ಚಾಚಿತ್ತು, ಬೇರು ಯಾವ ಕಡೆ ಇತ್ತು ಎಂದು ಗೊತ್ತಾಗಿಬಿಡುತ್ತಿತ್ತು. ಮರ ಹೇಗೆ ನಿಂತಿತ್ತೋ ಕಂಬವೂ ಹಾಗೆಯೇ ನಿಲ್ಲಬೇಕು ಎಂಬುದು ಅವನಿಗೆ ಕೆಲಸ ಕಲಿಸಿದ ಸೋದರಮಾವ ಮೊದಲ ದಿನವೇ ಕಿವಿ ಹಿಂಡಿ ಹೇಳಿಕೊಟ್ಟ ಪಾಠ.

“ಇದನ್ನ ಕೂರಿಸಿದ ಪುಣ್ಯಾತ್ಮ ಯಾರು? ಕಣ್ಣು ಮುಚ್ಕೊಂಡು ಮಾಡಿದ್ನಾ?”

“ನನ್ನ ತಮ್ಮ.”

“ಬಡಗಿನಾ?”

“ಕಟುಕ. ಮಾಂಸದ ಅಂಗಡಿ ಇತ್ತು ಅವನಿಗೆ.”

“ಮತ್ತೆ ಸರಿ,” ಎಂದು ಬಡಗಿ ಇನ್ನೊಮ್ಮೆ ನಕ್ಕ.

ಡ್ರೈವರ್ ನಗಲಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತಿದ್ದ ಅವನ ಎರಡೂ ಕಾಲು ಮೊಣಕಾಲಿನ ಕೆಳಗೆ ಒಂದು ಗೇಣಿಗೆ ಮುಗಿದುಹೋಗಿದ್ದವು. ಪ್ಯಾಂಟಿನ ತುದಿಗಳನ್ನು ಮಡಿಚಿ ಪಿನ್ನು ಹಾಕಿಕೊಂಡಿದ್ದ. ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡ ಬಡಗಿ ಕೇಳುವ ಗೋಜಿಗೆ ಹೋಗಲಿಲ್ಲ. ಷೆಡ್ಡಿನ ಹೊರಗೆ, ಬಯಲಿನಲ್ಲಿ, ಅವನ ಮಂಚ, ಒಲೆ, ಬಟ್ಟೆಯ ಗಂಟು ಎಲ್ಲ ಬಿದ್ದಿದ್ದವು. ಷೆಡ್ಡಿನೊಳಗೆ ಬೇಕಾದಷ್ಟು ಜಾಗವಿತ್ತು. ಬಿಸಿಲು ಮಳೆಗೆ ಮೈಯೊಡ್ಡಿಕೊಂಡು ಹೊರಗೆ ಯಾಕಿದ್ದಾನೋ ಅವನಿಗೇ ಗೊತ್ತು.

“ನಾನೇನು ಮಾರೋಕೆ ಕೂತಿಲ್ಲ,” ಎಂದ ಡ್ರೈವರ್. “ಗುಜರಿಯವನು ಬರೋದಿತ್ತು. ನೀನೇ ಬಂದು ಗಂಟು ಬಿದ್ದಿದ್ದೀಯ. ತಗೊಂಡು ಹೋಗ್ತೀಯಾ, ಹೋಗು. ಸಿಮೆಂಟ್ ತುಂಬು, ಈರುಳ್ಳಿ ತುಂಬು, ಸತ್ತ ದನ ತುಂಬಿದ್ರೂ ನನಗೇನಿಲ್ಲ. ಮನೆ ಗಿನೆ ಅನ್ನಬೇಡ ಅದನ್ನ.”

“ಮನೆ ಮಾಡೋಕೇ ತಗೋತಿರೋದು, ಯಜಮಾನ್ರೇ.”

ಡ್ರೈವರ್ ಅವನ ಮುಖವನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲಿ ಕನಿಕರವಿರಲಿಲ್ಲ. “ಹಾಗಾದ್ರೆ ಕಂಬದ ಮಾತು ಇನ್ನೊಂದು ಸಲ ಹೇಳ್ತೀನಿ, ಕೇಳಿಸ್ಕೊ. ಹೇಗಿದೆಯೋ ಹಾಗೇ ಇರಲಿ. ಆಮೇಲೆ ನನ್ನ ಹತ್ರ ಬರಬೇಡ,” ಎಂದು ಬೀಗದ ಕೈಯನ್ನು ಕೈಗೆ ಕೊಡದೆ ನೆಲಕ್ಕೆ ಎಸೆದ.

ಬಡಗಿಗೆ ಬೇರೆ ದಾರಿ ಇರಲಿಲ್ಲ. ಅವನ ಹೆಂಡತಿ ಮನೆ ಬಿಟ್ಟು ಅಕ್ಕನ ಮನೆ ಸೇರಿ ಮೂರು ತಿಂಗಳಾಗಿತ್ತು. ಮನೆ ಬಿಟ್ಟು ಅನ್ನುವುದೂ ತಪ್ಪೇ, ಬಿಡುವುದಕ್ಕೆ ಮನೆಯಾದರೂ ಎಲ್ಲಿತ್ತು? ಹನ್ನೊಂದು ವರ್ಷದಲ್ಲಿ ಎಂಟು ಬಾಡಿಗೆ ಮನೆ. ಒಬ್ಬ ಮಾಲೀಕನ ಮಗನಿಗೆ ಮದುವೆಯಾಯಿತು, ಇನ್ನೊಬ್ಬನಿಗೆ ಹೊಲಿಗೆ ಯಂತ್ರದ ಸದ್ದು ಆಗಿಬರಲಿಲ್ಲ, ಮತ್ತೊಬ್ಬನಂತೂ ಇವನ ಕೈಯಲ್ಲಿ ಮನೆಯ ಅಷ್ಟೂ ಬಾಗಿಲುಗಳನ್ನು ಪುಕ್ಕಟೆ ಮಾಡಿಸಿಕೊಂಡು ಮರುವಾರವೇ ಖಾಲಿ ಮಾಡು ಎಂದಿದ್ದ. ಅವತ್ತು ಹೆಂಡತಿ ಪಾತ್ರೆ ಕಟ್ಟಲಿಲ್ಲ. ಹೊಲಿಗೆ ಯಂತ್ರ ಒಂದನ್ನೇ ಆಟೋಗೆ ಹತ್ತಿಸಿ, “ನಮ್ಮದು ಅಂತ ಒಂದು ಬಾಗಿಲು ಮಾಡಿ, ಆಗ ಕರೀರಿ, ಬರ್ತೀನಿ. ಒಂದೇ ಕೋಣೆ ಆದ್ರೂ ಸಾಕು,” ಎಂದು ಹೊರಟುಹೋದಳು.

ಅವಳ ಅಕ್ಕನಿಗೆ ಇವನನ್ನು ಕಂಡರೆ ಮೊದಲಿನಿಂದಲೂ ಆಗದು. “ಊರವರಿಗೆಲ್ಲ ಬಾಗಿಲು ಮಾಡಿಕೊಡ್ತಾನೆ, ಕಟ್ಟಿಕೊಂಡವಳಿಗೊಂದು ಬಾಗಿಲಿಲ್ಲ,” ಎಂದು ಇವನಿಗೆ ಕೇಳಿಸುವಂತೆಯೇ ಹೇಳುತ್ತಿದ್ದಳು. ಈಗ ತಂಗಿಗೆ ದೂರದೂರಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಗೊತ್ತುಮಾಡಿದ್ದಳು. ಬರುವ ತಿಂಗಳು ಒಂದನೇ ತಾರೀಕು ಅವಳು ಹೊರಟರೆ ಮುಗಿಯಿತು, ಮತ್ತೆ ಬರುವವಳಲ್ಲ. ಅಷ್ಟರೊಳಗೆ ಒಂದು ಬಾಗಿಲು ಆಗಬೇಕಿತ್ತು. ನೆಲದ ಮೇಲೆ ಮನೆ ಕಟ್ಟುವ ಯೋಗ್ಯತೆ ತನಗಿಲ್ಲ ಎಂದು ಬಡಗಿಗೆ ಗೊತ್ತಿತ್ತು. ಗಾಲಿಯ ಮೇಲಾದರೆ ಆದೀತು, ಮಾಲೀಕನ ಕಾಟವೂ ಇರುವುದಿಲ್ಲ, ಎಲ್ಲಿ ಬೇಡ ಅಂದರೆ ಅಲ್ಲಿಂದ ಹೊರಟರಾಯಿತು ಎಂದು ಲೆಕ್ಕ ಹಾಕಿದ್ದ.

ಮರದ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ವ್ಯಾನ್ ತಂದು ನಿಲ್ಲಿಸಿ ಕೆಲಸ ಶುರುಮಾಡಿದ. ಮೈಮುರಿದು ಕೆಲಸ ಮಾಡುವುದು ಎಂದರೆ ಹೇಗೆಂದು ಆ ಹನ್ನೆರಡು ದಿನ ಡಿಪೋದವರು ನೋಡಿದರು. ಗೋಡೆಗೆ ಥರ್ಮಾಕೋಲ್ ಕೂರಿಸಿ ಮೇಲೆ ಪ್ಲೈವುಡ್ ಹೊಡೆದ. ನೆಲಕ್ಕೆ ಹಲಗೆ ಹಾಸಿದ. ಎಡಕ್ಕೆ ಮಂಚ, ಅದರಡಿ ಮೂರು ಖಾನೆ. ಬಲಕ್ಕೆ ಒಲೆಕಟ್ಟೆ, ಕೈತೊಳೆಯುವ ತೊಟ್ಟಿ, ಅದರ ಕೆಳಗೆ ನೀರಿನ ಕ್ಯಾನ್. ಪಕ್ಕದ ತಗಡು ಕೊಯ್ದು ಒಂದಡಿಯ ಕಿಟಕಿ ಇಟ್ಟು ಸರಳು ಹಾಕಿದ. ಕಿಟಕಿಯ ಕೆಳಗೇ ಹೊಲಿಗೆ ಯಂತ್ರಕ್ಕೆಂದು ಮಡಚುವ ಮೇಜು, ಅವಳ ಮೊಣಕೈ ಎತ್ತರಕ್ಕೆ ಸರಿಯಾಗಿ. ಆ ಎತ್ತರವನ್ನು ಅವನು ಟೇಪು ಹಿಡಿದು ಅಳೆಯಬೇಕಾಗಿರಲಿಲ್ಲ.

ಕೊನೆಗೆ ಉಳಿದದ್ದು ಬಾಗಿಲು. ಹೊಸ ಬಾಗಿಲು ಮಾಡಿ ತಂದು ನಿಲ್ಲಿಸಿದರೆ ಅದು ಕೂರಲೊಲ್ಲದು. ಕಂಬದಲ್ಲಿ ಕೀಲು ಕೂರುವ ಕಚ್ಚುಗಳೆಲ್ಲ ತಲೆಕೆಳಗು. ಹೇಗೋ ಸ್ಕ್ರೂ ಬಿಗಿದರೂ ತಾನಾಗಿ ತೆರೆದುಕೊಂಡು ಹೊರಕ್ಕೆ ನೇತಾಡುತ್ತಿತ್ತು, ಯಾರನ್ನೋ ಆಚೆ ಕಳಿಸುತ್ತಿರುವ ಹಾಗೆ. ಕೆಲಸ ಕೆಟ್ಟದ್ದಕ್ಕಿಂತ ಹೆಚ್ಚಾಗಿ ಆ ಕಂಬಗಳು ಹಾಗೆ ನಿಂತಿದ್ದೇ ಅವನಿಗೆ ಹಲ್ಲಿನಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು. ಡಿಪೋಗೆ ಬಂದುಹೋಗುವ ಬಡಗಿಗಳು ನೋಡಿದರೆ ಏನಂದಾರು? ಸ್ವಂತ ಮನೆಗೇ ಬುಡಮೇಲು ಬಾಗಿಲು ಇಟ್ಟುಕೊಂಡವನು ಎಂದು ಸಾಯುವವರೆಗೆ ಆಡಿಕೊಂಡಾರು. ಕಟುಕನ ಕೆಲಸವನ್ನು ಕಾಪಾಡಿಕೊಂಡು ಕೂರಲು ತನಗೇನು ತಲೆ ಕೆಟ್ಟಿದೆಯೇ ಎಂದು ಹದಿಮೂರನೆಯ ದಿನ ಕಂಬಗಳನ್ನು ಬಿಚ್ಚಿದ.

ಒಂದು ಕಂಬದ ಮೇಲ್ತುದಿಯ ತೂತಿನೊಳಗೆ ಏನೋ ತುರುಕಿತ್ತು. ಉಳಿಯ ತುದಿಯಿಂದ ಮೀಟಿ ತೆಗೆದ. ನರೆಗೂದಲಿನ ಉಂಡೆ. ಒಂದೊಂದು ಎಳೆಗೂ ಗಂಟು. ಗಂಟುಗಳ ನಡುವೆ ಹಳದಿಗಟ್ಟಿದ ಉಗುರಿನ ಚೂರುಗಳು, ಕರಿ ದಾರ, ಒಣಗಿದ ರಕ್ತದಂಥ ಕಂದು ಪುಡಿ. ಇನ್ನೊಂದು ಕಂಬದಲ್ಲೂ ಅಂಥದ್ದೇ ಒಂದು. ಮಾಟ ಮಾಡಿಸುವವರ ಕೈಚಳಕ ಎಂದು ಗೊತ್ತಾದಾಗ ಅವನಿಗೆ ಹೆದರಿಕೆಯಾಗಲಿಲ್ಲ, ಬೇಸರವಾಯಿತು. ಇಷ್ಟು ಒಳ್ಳೆಯ ತೇಗದ ತೂತಿನಲ್ಲಿ ಕಸ ತುಂಬಿದ್ದಾರಲ್ಲ ಎಂದು ಬೈದುಕೊಂಡು ಎರಡನ್ನೂ ಹೊಟ್ಟಿನ ಬೆಂಕಿಗೆ ಎಸೆದ. ಕೂದಲು ಸುಟ್ಟ ಕಮಟು ಎದ್ದಿತು. ಗಾಳಿ ಬೀಸುತ್ತಿದ್ದರೂ ಆ ವಾಸನೆ ಅಲ್ಲಿಂದ ಕದಲಲಿಲ್ಲ.

ಕಂಬವನ್ನು ತಿರುಗಿಸಿ, ಬುಡ ಕೆಳಗೆ ಮಾಡಿ, ಜಾಗದಲ್ಲಿ ನಿಲ್ಲಿಸಿದ. ಕೊಡತಿ ಎತ್ತಿದ. ಹೊಡೆಯಬೇಕಾಗಲಿಲ್ಲ. ಕಂಬ ತಾನಾಗಿಯೇ ಒಂದು ಬೆರಳಿನಷ್ಟು ಕೆಳಗಿಳಿದು ಕೂತಿತು. ಎರಡನೆಯದೂ ಹಾಗೇ. ಬಾಗಿಲು ಹಾಕಿದರೆ ಸದ್ದಿಲ್ಲದೆ ಮುಚ್ಚಿಕೊಂಡಿತು, ಒಂದು ಹಾಳೆ ತೂರಿಸುವಷ್ಟೂ ಸಂದಿಲ್ಲ. ತನ್ನ ಕೈಗುಣಕ್ಕೆ ತಾನೇ ಮೆಚ್ಚಿಕೊಂಡ ಬಡಗಿ ಹೆಂಡತಿಗೆ ಫೋನ್ ಮಾಡಿ, ಭಾನುವಾರ ಬಾ ಎಂದ.

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸ ಪ್ಲೈವುಡ್ಡಿನ, ಅಂಟಿನ ವಾಸನೆ ಬರಬೇಕಿತ್ತು. ಬರಲಿಲ್ಲ. ಯಾರೋ ಬಹಳ ಕಾಲ ಬಾಳಿದ ಮನೆಯ ವಾಸನೆ ಮೂಗಿಗೆ ಬಡಿಯಿತು. ಸೀಮೆಎಣ್ಣೆ, ಮಸಿ, ತೇವ ಕುಡಿದ ಗೋಡೆ, ಮುದುಕರ ತಲೆಯ ಜಿಡ್ಡೆಣ್ಣೆ. ಒಲೆಗೆ ಇನ್ನೂ ಸಿಲಿಂಡರನ್ನೇ ಜೋಡಿಸಿರಲಿಲ್ಲ, ಅದರ ಮೇಲಿನ ಬಿಳಿ ಚಾವಣಿಯಲ್ಲಿ ತಟ್ಟೆಯಗಲ ಹೊಗೆಮಸಿ ಹಿಡಿದಿತ್ತು. ಸಂಜೆ ಹಾಗೆಯೇ ಬಿಟ್ಟುಹೋಗಿದ್ದ ಮರದ ಪುಡಿಯನ್ನು ಯಾರೋ ಗುಡಿಸಿ ಮೂಲೆಯಲ್ಲಿ ಅಚ್ಚುಕಟ್ಟಾಗಿ ಗುಪ್ಪೆ ಮಾಡಿದ್ದರು.

ಡಿಪೋದ ಕಾವಲುಗಾರ ಎದುರಿಗೆ ಬಂದು, “ಮನೆಯವರು ಬಂದುಬಿಟ್ರಾ ಮೇಸ್ತ್ರಿ?” ಎಂದ.

“ಇಲ್ವಲ್ಲ. ಯಾಕೆ?”

“ಒಳಗೆ ಗುಡಿಸೋ ಸದ್ದು ಕೇಳ್ತಿತ್ತು. ಗೊಣಗ್ತಾನೂ ಇದ್ರು. ವಯಸ್ಸಾದವರ ಹಾಗೆ.”

“ಖಾಲಿ ವ್ಯಾನಿಗೆ ಕಿವಿ ಕೊಟ್ಟು ಕೂರೋ ಬದಲು ನಿಮ್ಮ ಗೇಟು ಕಾಯಿರಿ,” ಎಂದು ಬಡಗಿ ಗದರಿದ. ಕಾವಲುಗಾರ ತಾನಾಗಿ ಮತ್ತೆ ಆ ಕಡೆ ಸುಳಿಯಲಿಲ್ಲ. ಶನಿವಾರ ವ್ಯಾನನ್ನು ನೆರಳಿಗೆ ಸರಿಸೋಣವೆಂದು ಎಂಜಿನ್ ಶುರುಮಾಡಿದರೆ ಅದು ಗುರುಗುಟ್ಟಿತೇ ಹೊರತು ಗಾಲಿಗಳು ಒಂದಂಗುಲ ಅಲುಗಲಿಲ್ಲ. ಬ್ರೇಕ್ ಹಿಡಿದುಕೊಂಡಿರಬೇಕು, ಮೆಕ್ಯಾನಿಕ್‌ಗೆ ಹೇಳಿದರಾಯಿತು ಎಂದುಕೊಂಡು ಸುಮ್ಮನಾದ. ಬಗ್ಗಿ ವ್ಯಾನಿನ ಅಡಿಯನ್ನು ನೋಡಿದ್ದರೆ ಈ ಕತೆ ಇಲ್ಲಿಗೇ ನಿಲ್ಲುತ್ತಿತ್ತೇನೋ. ಅವನು ಬಗ್ಗಲಿಲ್ಲ.

ಭಾನುವಾರ ನಡುಮಧ್ಯಾಹ್ನ ಹೊಲಿಗೆ ಯಂತ್ರದೊಂದಿಗೆ ಹೆಂಡತಿ ಬಂದಳು. ಮೊದಲು ಬಿಗುಮಾನದಲ್ಲೇ ಇದ್ದಳು. ಖಾನೆಗಳನ್ನು ಎಳೆದು ನೋಡಿದಳು, ಮಂಚದ ಮೇಲೆ ಕುಳಿತು ಎದ್ದಳು, ತೊಟ್ಟಿಗೆ ನೀರು ಬಿಟ್ಟಳು. “ಇದೇನ್ರೀ, ಇಷ್ಟು ಬಿಸಿಲಲ್ಲೂ ಒಳಗೆ ಇಷ್ಟು ಕತ್ತಲೆ?” ಎಂದಳು. ನಿಜ. ಕಿಟಕಿಯಿಂದ ಬಿದ್ದ ಬೆಳಕು ಮೇಜಿನ ಆಚೆಗೆ ದಾಟುತ್ತಿರಲಿಲ್ಲ. ಕಣ್ಣು ಹೊಂದಿಕೊಳ್ಳುತ್ತೆ ಕಣೇ ಎಂದ ಬಡಗಿ. ಯಂತ್ರವನ್ನು ಮೇಜಿನ ಮೇಲಿಟ್ಟು ಮೊಣಕೈ ಊರಿದಾಗ ಅವಳ ಮುಖ ಬದಲಾಯಿತು. ಎತ್ತರ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. “ಅಳತೆ ಯಾವಾಗ ತಗೊಂಡ್ರಿ?” ಎಂದು ಕೇಳಿದಳು. “ಹನ್ನೊಂದು ವರ್ಷದಿಂದ ನೋಡ್ತಿದೀನಲ್ಲ,” ಎಂದ. ಅವಳು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವನು ಸುಖವಾಗಿದ್ದ.

ಅವನು ನೀರಿನ ಕ್ಯಾನ್ ತುಂಬಿಸಲು ಡಿಪೋದ ನಲ್ಲಿಯ ಕಡೆ ಹೊರಟ. ಅವಳು ಅಕ್ಕನಿಗೆ ಫೋನ್ ಹಚ್ಚಿ, ಸಿಗ್ನಲ್ ಹುಡುಕುತ್ತ ಬಾಗಿಲ ಬಳಿ ಬಂದು, ಬರಿಗಾಲಲ್ಲಿ ನಿಂತು ಒಂದು ಕಂಬಕ್ಕೆ ಒರಗಿಕೊಂಡಳು. ಹತ್ತು ಹೆಜ್ಜೆ ದೂರದಲ್ಲಿದ್ದ ಅವನಿಗೂ ಕೇಳಿಸಿತು.

“ಹೂಂ ಅಕ್ಕ. ನನ್ನ ಮನೇಲಿದ್ದೀನಿ.”

ಹಿಂದೆಯೇ ಚಿಲಕ ಸರಿದ ಸದ್ದು. ಬಾಗಿಲಿಗೆ ಅವನು ಇನ್ನೂ ಚಿಲಕ ಹಾಕಿರಲಿಲ್ಲ.

ಕ್ಯಾನ್ ಎಸೆದು ಓಡಿಬಂದ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಪಕ್ಕದಲ್ಲಿ ಬಿದ್ದಿದ್ದ ಕೊಡತಿಯನ್ನು ಉಳಿದಿದ್ದ ಸಂದಿಗೆ ತುರುಕಿದ. ಅದು ಅಲ್ಲಿಗೆ ನಿಂತಿತು. ಸಂದಿಯಲ್ಲಿ ಹೆಂಡತಿಯ ಮುಖ ಕಂಡಿತು. ಅವಳಿಗಿನ್ನೂ ಹೆದರಿಕೆ ಬಂದಿರಲಿಲ್ಲ, ಆಶ್ಚರ್ಯವಿತ್ತು.

“ಕಾಲು ಏಳ್ತಿಲ್ಲ ಕಣ್ರೀ. ಅಂಟಿಗೆ ಮೆಟ್ಟಿದೆನೇನೋ.”

ಬಡಗಿ ಬಗ್ಗಿ ನೋಡಿದ. ಅಂಟಲ್ಲ. ಅವಳ ಪಾದ ಎಲ್ಲಿ ಮುಗಿಯುತ್ತಿತ್ತು, ಹಲಗೆ ಎಲ್ಲಿ ಶುರುವಾಗುತ್ತಿತ್ತು, ಗೊತ್ತಾಗುತ್ತಿರಲಿಲ್ಲ. ಹಿಮ್ಮಡಿಯ ಬಿರುಕುಗಳಿಂದ ಕಂದು ಗೆರೆಗಳು ಹೊರಟು ಮೇಲಕ್ಕೆ ಹತ್ತಿದ್ದವು. ಇಪ್ಪತ್ತಾರು ವರ್ಷ ಆ ಗೆರೆಗಳ ಮೇಲೆ ಕೈಯಾಡಿಸಿದವನಿಗೆ ಅವು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ತೇಗದ ನರ. ಆಗ ಅವನು ವ್ಯಾನಿನ ಅಡಿಯನ್ನು ನೋಡಿದ. ಎರಡೂ ಕಂಬಗಳು ತಗಡು ಸೀಳಿಕೊಂಡು ಇಳಿದಿದ್ದವು. ತೊಡೆ ಗಾತ್ರದ ಕಪ್ಪು ಬೇರುಗಳು ಅಚ್ಚುಗಳನ್ನು ಸುತ್ತಿ, ಗಾಲಿಗಳನ್ನು ಹೆಣೆದು, ಮಣ್ಣಿಗೆ ಹೋಗಿದ್ದವು.

“ಅಲುಗಾಡಬೇಡ. ಈಗ ಬಂದೆ,” ಎಂದು ಸ್ಕೂಟರ್ ಹತ್ತಿದ.

ಡ್ರೈವರ್ ಇವನನ್ನು ನೋಡುತ್ತಲೇ ಮುಖ ತಿರುಗಿಸಿಕೊಂಡ. “ತಿರುಗಿಸಿದ್ಯಾ?”

ಬಡಗಿ ತಲೆಯಾಡಿಸಿದ.

“ಯಾರು ಒಳಗೆ?”

“ಹೆಂಡ್ತಿ.”

ಡ್ರೈವರ್ ಮಾತು ಉಗುಳುವವನಂತೆ ಹೇಳಿದ. ಆರು ವರ್ಷದ ಹಿಂದಿನ ಮಾತು. ಒಬ್ಬ ಮುದುಕಿಯ ಮನೆಯನ್ನು ಅವಳ ಮಕ್ಕಳು ಮಾರಿದ್ದರು. ಸಾಮಾನು ಖಾಲಿ ಮಾಡುವ ಕೆಲಸ ಡ್ರೈವರ್‌ಗೆ ಬಂತು. ಮುದುಕಿ ಬಾಗಿಲಲ್ಲೇ ಕುಳಿತು ಏಳಲಿಲ್ಲ. ಅವನೇ ಅವಳ ಎರಡೂ ತೋಳು ಹಿಡಿದು ಎತ್ತಿ ಬೀದಿಗೆ ಇಟ್ಟ. ಮರ ಚೆನ್ನಾಗಿದೆಯೆಂದು ಬಾಗಿಲುವಾಡವನ್ನೂ ಕಿತ್ತುಕೊಂಡ. ಅವಳು ಅಳಲಿಲ್ಲ, ಬೈಯಲಿಲ್ಲ. ಕೂದಲು ಕಿತ್ತು, ಉಗುರು ಕಡಿದು, ಗಂಟು ಹಾಕುತ್ತ, ತುಟಿ ಅಲುಗಿಸುತ್ತ ಕಂಬಗಳ ಹತ್ತಿರ ಬಂದು ತೂತುಗಳಿಗೆ ತುರುಕಿದಳು. ‘ಬಾಗಿಲು ನೀನೇ ಇಟ್ಕೊ. ಇದರೊಳಗೆ ನಿಂತು ಮನೆ ಅಂದವರು ಅಲ್ಲೇ ಇರಲಿ, ಯಾರೂ ಎತ್ತಿ ಹೊರಗೆ ಹಾಕೋಕಾಗದ ಹಾಗೆ,’ ಎಂದಳು.

“ನಾನೂ ನಿನ್ನ ಹಾಗೇ ನಕ್ಕೆ. ವ್ಯಾನಿಗೆ ಕೂರಿಸಿದೆ. ಒಂದಿನ ಮಧ್ಯಾಹ್ನ ಊಟ ಮಾಡಿ ಬಾಗಿಲಲ್ಲಿ ನಿಂತು, ನಂದೂ ಒಂದು ಮನೆ ಆಯ್ತು ಅಂದೆ.” ತನ್ನ ಮೊಂಡು ಕಾಲುಗಳನ್ನು ತಟ್ಟಿ ತೋರಿಸಿದ. “ತಮ್ಮ ಬಂದ. ಕಂಬ ಕೊಯ್ಯೋಕೆ ಹೋದ. ನನ್ನ ಮೂಳೆ ಕೊಯ್ದಂಗಾಯ್ತು. ಆಮೇಲೆ ಅವನಿಗೆ ಅರ್ಥವಾಯ್ತು, ಕೊಯ್ಯಬೇಕಾದ್ದು ಕಂಬ ಅಲ್ಲ ಅಂತ. ಅವನ ಕೈ ನಡುಗಲಿಲ್ಲ. ನಾನು ಬಿಡಿಸಿಕೊಂಡ ಮೇಲೆ ಕಂಬ ಸಡಿಲ ಆದವು. ಬುಡ ಮೇಲೆ ಮಾಡಿ ನೆಟ್ಟ. ಬುಡಕ್ಕೆ ನೆಲ ಸಿಗದಿದ್ರೆ ಬೇರು ಬಿಡೋಕಾಗಲ್ಲ ನೋಡು.”

“ಇದನ್ನೆಲ್ಲ ಅವತ್ತೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಂಬ್ತಿದ್ಯಾ? ನನ್ನ ಕಣ್ಣೆದುರಿಂದ ತೊಲಗಲಿ ಅಂತ ಕೊಟ್ಟೆ. ನಿನ್ನ ಮೇಲಿನ ಪ್ರೀತಿಗಲ್ಲ.”

“ನಿಮ್ಮ ತಮ್ಮನ್ನ ಕರೆಸಿ. ಕಾಲು ಹಿಡೀತೀನಿ.”

“ಅವನು ಸತ್ತು ಎರಡು ವರ್ಷ. ನೀನೇ ಮಾಡ್ಬೇಕು. ಪಾದದಿಂದ ಮೇಲಕ್ಕೆ ಹತ್ತುತ್ತೆ. ಮೊಣಕಾಲು ದಾಟಿದ್ರೆ ಮುಗೀತು, ಕೊಯ್ಯೋಕೇನೂ ಉಳಿಯಲ್ಲ. ಹೊತ್ತು ಮುಳುಗೋವರೆಗೂ ಟೈಮಿದೆ ಅಂದ್ಕೋಬೇಡ.”

ಬಡಗಿ ಡಿಪೋ ಮುಟ್ಟಿದಾಗ ಬಿಸಿಲು ಇನ್ನೂ ಸುಡುತ್ತಿತ್ತು. ಭಾನುವಾರ, ಆಳುಗಳಿರಲಿಲ್ಲ. ಸಂದಿಯಲ್ಲಿ ತುರುಕಿದ್ದ ಕೊಡತಿ ಅರ್ಧ ಜಜ್ಜಿಹೋಗಿತ್ತು. ಅವನು ಅಡ್ಡಡ್ಡಲಾಗಿ ಒಳಗೆ ನುಸುಳಿದ.

ಕತ್ತಲೆ. ಸೀಮೆಎಣ್ಣೆಯ ನಾತ. ಮೂಲೆಯಲ್ಲಿ ಪೊರಕೆ ಸರಕ್, ಸರಕ್ ಎನ್ನುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕಂಬಕ್ಕೆ ಒರಗಿ ನಿಂತಿದ್ದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಿದ್ದಳು. ಕಂದು ಗೆರೆಗಳು ಮೀನಖಂಡದ ಅರ್ಧಕ್ಕೆ ಬಂದಿದ್ದವು.

“ಯಾರೋ ಇದಾರೆ ಇಲ್ಲಿ. ನನ್ನ ಕೂದಲು ಬಾಚ್ತಿದಾರೆ,” ಎಂದಳು.

ಅವನು ಗರಗಸ ಎತ್ತಿಕೊಂಡ. ಡ್ರೈವರ್ ಹೇಳಿದ್ದು ಗೊತ್ತಿದ್ದೂ ಮೊದಲು ಕಂಬಕ್ಕೇ ಹಚ್ಚಿದ. ಎರಡು ಸಲ ಎಳೆದ. ಹೆಂಡತಿ ಚೀರಿದಳು. ಕಂಬದ ಗಾಯದಿಂದ ರಕ್ತ ಇಳಿಯಿತು. ಬಿಸಿಯಾಗಿತ್ತು.

ಗರಗಸ ಕೆಳಗಿಳಿಸಿ ಅವನು ಎಲ್ಲವನ್ನೂ ಹೇಳಿದ. ಮುದುಕಿ, ಡ್ರೈವರ್, ಕಟುಕ ತಮ್ಮ, ಏನನ್ನೂ ಬಿಡಲಿಲ್ಲ. ಕಂಬದ ಮಾತನ್ನು ತಾನು ಮೀರಿದ್ದನ್ನೂ ಹೇಳಿದ. ಅವಳು ಕೊರಳಲ್ಲಿದ್ದ ಹೊಲಿಗೆಯ ಅಳತೆ ಟೇಪು ತೆಗೆದು ಎಡಗಾಲಿನ ಮೊಣಕಾಲ ಕೆಳಗೆ ಸುತ್ತಿ, ಹಲ್ಲಿನಿಂದ ಎಳೆದು ಬಿಗಿದಳು. ಬಲಗಾಲಿಗೆ ಸೀರೆಯ ಅಂಚು ಹರಿದು ಕಟ್ಟಿಕೊಂಡಳು. ಅವಳ ಕೈ ನಡುಗಲಿಲ್ಲ.

“ಕೊಯ್ಯಿರಿ.”

“ಲೇ…”

“ಕಾಲು ಹೋದ್ರೆ ಹೋಗಲಿ. ಯಂತ್ರ ಕೈಯಲ್ಲಿ ತಿರುಗಿಸ್ಕೊಂಡು ಹೊಲೀತೀನಿ. ಬೇಗ.”

ಅವನು ಮಂಡಿಯೂರಿದ. ಗರಗಸದ ಹಲ್ಲುಗಳನ್ನು ಗೆರೆಗಳಿಗಿಂತ ಮೇಲೆ, ಇನ್ನೂ ಚರ್ಮ ಚರ್ಮವಾಗಿಯೇ ಉಳಿದಿದ್ದ ಜಾಗಕ್ಕೆ ತಾಗಿಸಿದ. ಬೆಚ್ಚಗಿತ್ತು. ಅಲ್ಲೊಂದು ನಾಡಿ ಬಡಿಯುತ್ತಿತ್ತು. ಒಮ್ಮೆ ಎಳೆದ. ಚರ್ಮ ಬಿರಿಯಿತು. ಅವಳು ತುಟಿ ಕಚ್ಚಿಕೊಂಡು ಅವನ ತಲೆಗೂದಲನ್ನು ಹಿಡಿದಳು. “ನಿಲ್ಲಿಸಬೇಡಿ,” ಎಂದಳು. ಅವನ ಕೈ ನಿಂತಿತು. ಮತ್ತೆ ಹಚ್ಚಿದ. ಮತ್ತೆ ನಿಂತಿತು. ಎಂಥೆಂಥ ಮರ ಕೊಯ್ದ ಕೈ. ಆ ಕೈಗೆ ಆಗಲಿಲ್ಲ. ಗೆರೆಗಳು ಹತ್ತುತ್ತಿದ್ದವು. ಕಣ್ಣೆದುರೇ ಹತ್ತುತ್ತಿದ್ದವು. ಟೇಪಿನ ಅಂಚು ಮುಟ್ಟಿದವು. ಪೊರಕೆಯ ಸದ್ದು ಹತ್ತಿರ ಬಂತು. ಅವನ ಬೆನ್ನ ಹಿಂದೆಯೇ ಬಂತು. ಕಿವಿಯ ಬಳಿ ಯಾರೋ ಉಸಿರುಬಿಟ್ಟರು.

ಗರಗಸ ಕೈಯಿಂದ ಜಾರಿತು.

“ಯಾರನ್ನಾದ್ರೂ ಕರ್ಕೊಂಡು ಬರ್ತೀನಿ,” ಎಂದು ಎದ್ದ.

“ಬೇಡ. ರೀ, ಹೋಗ್ಬೇಡಿ. ನೀವೇ ಮಾಡಿ. ಹೋಗ್ಬೇಡಿ.”

ಅವನು ಅವಳ ಬೆರಳುಗಳನ್ನು ತಲೆಯಿಂದ ಬಿಡಿಸಿಕೊಂಡು ಸಂದಿಯಿಂದ ಹೊರಗೆ ಬಿದ್ದ. ಓಡಿದ. ಹಿಂದೆ ಕೊಡತಿ ಪುಡಿಯಾದ ಸದ್ದು ಕೇಳಿಸಿತು. ತಿರುಗಲಿಲ್ಲ. ಯಾರನ್ನು ಕರೆತರಲು ಓಡುತ್ತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಒಂದೊಂದು ಹೆಜ್ಜೆಗೂ ಎದೆ ಹಗುರವಾಗುತ್ತಿತ್ತು, ಅದಂತೂ ಅವನಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಆ ಹಗುರವನ್ನು ಅವನು ಬದುಕಿರುವವರೆಗೆ ಮರೆಯುವಂತಿಲ್ಲ.

ಡಿಪೋದ ಗೇಟಿನಾಚೆ ಕಾವಲುಗಾರ ಸಿಕ್ಕ. ಅವನು ಇನ್ನಿಬ್ಬರನ್ನು ಕೂಗಿದ. ವೆಲ್ಡಿಂಗ್ ಅಂಗಡಿಯವನು ಗ್ಯಾಸ್ ಕಟರ್ ಎಳೆದುಕೊಂಡು ಬರುವಷ್ಟರಲ್ಲಿ ಬೆಳಕು ಕೆಂಪಾಗಿತ್ತು. ಬಾಗಿಲು ಕಂಬದೊಂದಿಗೆ ಒಂದಾಗಿ ಬೆಸೆದುಹೋಗಿತ್ತು, ಸಂದು ಎಲ್ಲಿತ್ತೆಂದು ಬೆರಳಿಗೂ ಸಿಗಲಿಲ್ಲ. ಪಕ್ಕದ ತಗಡು ಕೊಯ್ದು ಒಳಗೆ ಇಣುಕಿದರು. ಮಂಚ, ಒಲೆಕಟ್ಟೆ, ಮೇಜಿನ ಮೇಲೆ ದಾರ ಪೋಣಿಸಿದ ಯಂತ್ರ, ನೆಲದ ಮೇಲೆ ಅವಳ ಫೋನು. ಗುಡಿಸಿ ಸಾರಿಸಿದಂತೆ ಎಲ್ಲ ಚೊಕ್ಕಟವಾಗಿತ್ತು. ಒಂದು ಹನಿ ರಕ್ತವಿರಲಿಲ್ಲ. ಅವಳೂ ಇರಲಿಲ್ಲ.

“ಗಂಡ ಹೆಂಡ್ತಿ ಜಗಳ ಇರ್ಬೇಕು. ಮೊದಲೊಂದ್ಸಲ ಬಿಟ್ಟು ಹೋಗಿದ್ಲಂತಲ್ಲ,” ಎಂದ ವೆಲ್ಡಿಂಗ್‌ನವನು ಕಾವಲುಗಾರನಿಗೆ. ಎಲ್ಲರೂ ಮುಸಿಮುಸಿ ನಕ್ಕು ಹೊರಟರು.

ಬಡಗಿ ಒಬ್ಬನೇ ಕಂಬದ ಮುಂದೆ ನಿಂತ. ಬೆಳಿಗ್ಗೆ ಇಲ್ಲದ ಎರಡು ಗಂಟುಗಳು ಅವಳ ಕಣ್ಣಿನ ಎತ್ತರಕ್ಕೆ ಮೂಡಿದ್ದವು. ಅಂಗೈ ಇಟ್ಟು ನೋಡಿದ. ಮರ ಬೆಚ್ಚಗಿತ್ತು. ಒಳಗೆಲ್ಲೋ, ತೀರಾ ಆಳದಲ್ಲಿ, ಒಂದು ನಾಡಿ ಬಡಿಯುತ್ತಿತ್ತು.

ಅಲ್ಲಿಂದ ಅವನು ಕದಲಲಿಲ್ಲ. ಕೆಲಸಕ್ಕೆ ಹೋಗಲಿಲ್ಲ. ಕೊಯ್ದರೆ ಅವಳಿಗೆ ನೋಯುತ್ತದೆ, ಸುಟ್ಟರೆ ಬೇಯುತ್ತಾಳೆ, ಬಿಟ್ಟುಹೋದರೆ ಗುಜರಿಯವರು ಬಂದು ಕಿತ್ತುಹಾಕುತ್ತಾರೆ. ವ್ಯಾನಿನ ಹೊರಗೆ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ. ಹಗಲೆಲ್ಲ ಕಂಬದ ಗರಗಸದ ಗಾಯಕ್ಕೆ ಎಣ್ಣೆ ಒರೆಸುತ್ತ ಕೂರುತ್ತಿದ್ದ. ಗಾಯ ಮಾಯುತ್ತಿರಲಿಲ್ಲ. ಕೆಲವೊಮ್ಮೆ ಒಳಗೆ ಹೊಲಿಗೆ ಯಂತ್ರ ತಿರುಗುತ್ತಿತ್ತು. ಓಡಿಹೋಗಿ ನೋಡಿದರೆ ಬರಿಯ ಸೂಜಿ ಏರಿಳಿಯುತ್ತಿರುತ್ತಿತ್ತು.

ನಾಲ್ಕನೆಯ ದಿನ ಹೆಂಡತಿಯ ಅಕ್ಕ ಅವನ ಫೋನಿಗೆ ಕರೆ ಮಾಡಿದಳು.

“ಅವತ್ತು ಮಾತಿನ ಮಧ್ಯೆ ಕಟ್ಟಾದ ಅವಳ ಫೋನ್ ಯಾಕೆ ಹತ್ತುತ್ತಿಲ್ಲ? ಎಲ್ಲಿ ಅವಳು?”

“ಮನೇಲಿದ್ದಾಳೆ,” ಎಂದ ಬಡಗಿ.

“ಅವಳಿಗೆ ಕೊಡು.”

“ಈಗ ಬರೋಕಾಗಲ್ಲ ಅವಳಿಗೆ.”

“ಏನೋ ಮುಚ್ಚಿಡ್ತಿದೀಯ ನೀನು,” ಎಂದಳು ಅಕ್ಕ. “ನಾಳೆ ನಾನೇ ಬರ್ತೀನಿ. ಬಾಯ್ತುಂಬ ಮನೆ ಮನೆ ಅಂತಿದ್ದಳಲ್ಲ, ಒಳಗೆ ಬಂದು ನಾನೂ ನೋಡ್ತೀನಿ, ಎಂಥ ಮನೆ ಅಂತ.”

ಬರಬೇಡಿ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಕಂಬದಲ್ಲಿ ಸಣ್ಣಗೆ ಚಟ್ ಎಂದಿತು. ಬೆಸೆದುಹೋಗಿದ್ದ ಬಾಗಿಲು ಒಂದು ಕೂದಲೆಳೆಯಷ್ಟು ಸಡಿಲವಾಗಿತ್ತು. ಆ ಸಂದಿಯಿಂದ ಹೆಂಡತಿಯ ಮುಡಿಯ ವಾಸನೆ ಬಂತು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರನ್ನು ಬಿಟ್ಟೀತೇ? ಹಾಗೆಂದು ಡ್ರೈವರ್ ಹೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಬಿಡದೆಯೂ ಇರಬಹುದು. ಅವನು ಕಂಬದ ಮೇಲೆ ಅಂಗೈ ಇಟ್ಟ. ನಾಡಿ ಜೋರಾಗಿ ಬಡಿಯುತ್ತಿತ್ತು.

“ಬನ್ನಿ ಅಕ್ಕ,” ಎಂದ. ಗುಡಿಸಿಡಲು ಪೊರಕೆ ಹುಡುಕುತ್ತ, ಯಾವ ಬಸ್ಸು ಹತ್ತಬೇಕು, ಡಿಪೋದ ಯಾವ ಗೇಟಿನಿಂದ ಒಳಗೆ ಬರಬೇಕು ಎಂದು ನಿಧಾನವಾಗಿ ದಾರಿ ಹೇಳತೊಡಗಿದ.